ಮುದ್ದಾಚಾರಿಯ ಎಡಗೆನ್ನೆ

ಹೊಸಹೊಳಲಿನ ಅಕ್ಕಸಾಲಿ ಮುದ್ದಾಚಾರಿಗೆ ಆ ಹೆಸರಿಟ್ಟವಳು ಅವನ ಅಜ್ಜಿ. ಹುಟ್ಟಿದಾಗ ಎರಡು ಕೆನ್ನೆಯೂ ಬುರ್ರನೆ ಉಬ್ಬಿಕೊಂಡು ಮುದ್ದಾಗಿದ್ದನಂತೆ. ಅಕ್ಕಸಾಲಿಗರ ಮನೆಯಲ್ಲಿ ಗಂಡುಕೂಸಿನ ಕೆನ್ನೆ ನೋಡಿ ಸಂತೋಷಪಡುವುದು ಬರೀ ಮುದ್ದಿಗಲ್ಲ. ಊದುವುದಕ್ಕೆ ಆಯಿತು ಎಂಬ ನೆಮ್ಮದಿಗೆ.

ಊದುವುದೆಂದರೆ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಮನುಷ್ಯನ ಸಂಕಟ ಯಾರಿಗೂ ತಿಳಿಯುವುದಿಲ್ಲ. ಎಣ್ಣೆದೀಪದ ಮುಂದೆ ಕೂತು, ಹಿತ್ತಾಳೆಯ ಊದುಗೊಳವೆಯನ್ನು ತುಟಿಗಿಟ್ಟು, ಜ್ವಾಲೆಯನ್ನು ಚಿನ್ನದ ಮೇಲೆ ಬಗ್ಗಿಸಬೇಕು. ಒಂದು ಕೈಯಲ್ಲಿ ಕೊಳವೆ, ಇನ್ನೊಂದರಲ್ಲಿ ಚಿಮುಟ. ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಹೊರಕ್ಕೆ ಒತ್ತುತ್ತಿರುವಾಗಲೇ ಮೂಗಿನಿಂದ ಹೊಸ ಉಸಿರು ಎಳೆದುಕೊಳ್ಳಬೇಕು. ಹಾಗೆ ಮಾಡಿದರೆ ಉಸಿರು ಎಲ್ಲಿಯೂ ಕಡಿಯುವುದಿಲ್ಲ, ಜ್ವಾಲೆ ಅಲ್ಲಾಡುವುದಿಲ್ಲ. ಮುದ್ದಾಚಾರಿಯ ಮನೆತನದಲ್ಲಿ ಇದಕ್ಕೊಂದು ಕಟ್ಟಳೆಯೇ ಇತ್ತು. ತಾಳಿಯ ಚಿನ್ನ ಕರಗಿಸುವಾಗ ಮದುವಣಗಿತ್ತಿಯ ಮನೆಯವರು ಎದುರು ಕೂತಿರಬೇಕು, ಚಿನ್ನ ನೀರಾಗುವವರೆಗೆ ಊದುವ ಉಸಿರು ಕಡಿಯಬಾರದು. ಕಡಿದರೆ ಆ ಚಿನ್ನ ವಾಪಸು. ಬೆಂಕಿಗೆ ಗಾಳಿ ಹಾಕುವ ತಿದಿ ಒತ್ತುವುದೂ ಇಲ್ಲ. ತಿದಿ ಸತ್ತ ಆಡಿನ ಚರ್ಮ, ತಾಳಿಗೆ ಬದುಕಿರುವವನ ಉಸಿರು ಬೇಕು ಎಂದು ಅವನ ಅಪ್ಪ ಹೇಳುತ್ತಿದ್ದ.

ಅಂಥ ಕೆನ್ನೆಯನ್ನು ಮುದ್ದಾಚಾರಿ ಏನು ಮಾಡಿದ? ಎಡಗೆನ್ನೆಯ ಒಳಗೆ ಹೊಗೆಸೊಪ್ಪಿನ ಉಂಡೆ ಇಟ್ಟ. ಸುಣ್ಣ ಹಚ್ಚಿ, ಬೆಳಗ್ಗೆ ಎದ್ದವನೇ ಅಲ್ಲಿ ಒತ್ತಿಟ್ಟರೆ ಊಟಕ್ಕೆ ಮಾತ್ರ ತೆಗೆಯುತ್ತಿದ್ದ. ಊದುವಾಗಲೂ ಅದು ಅಲ್ಲೇ. ಹೆಂಡತಿ ಅಣ್ಣಮ್ಮ ಬೈದರೆ, ಅದಿಲ್ಲದಿದ್ದರೆ ಕೈ ನಡುಗುತ್ತದೆ ಅನ್ನುತ್ತಿದ್ದ. ಗಂಡಸರು ಚಟಕ್ಕೆ ಕೊಡುವ ಕಾರಣಗಳನ್ನು ಕೂಡಿಹಾಕಿದರೆ ಒಂದು ಕೆರೆ ತುಂಬುತ್ತದೆ, ಬಿಡಿ.

ಸುಲ್ತಾನರ ಆಳ್ವಿಕೆ ಬಂದು ನಾಲ್ಕಾರು ವರ್ಷವಾಗಿತ್ತು. ಆ ಉಂಡೆ ಕೂರುವ ಜಾಗದಲ್ಲೇ ಒಂದು ಬಿಳಿ ಕಲೆ ಎದ್ದಿತು. ಆಮೇಲೆ ಖಾರ ಉರಿಯತೊಡಗಿತು. ಆಮೇಲೆ ಹುಣ್ಣಾಯಿತು, ಹುಣ್ಣಿನ ಅಂಚು ಹುಣಸೆಬೀಜದ ಹಾಗೆ ಗಟ್ಟಿಯಾಯಿತು. ಈಗಿನವರಾದರೆ ಕ್ಯಾನ್ಸರ್ ಅನ್ನುತ್ತಾರೆ. ಆಗ ಹುಣ್ಣು, ಅಷ್ಟೇ. ಊರಿನವರು ಹೇಳಿದ ಸೊಪ್ಪನ್ನೆಲ್ಲ ಅರೆದು ಹಚ್ಚಿದ್ದಾಯಿತು, ಕಂಡ ದೇವರಿಗೆಲ್ಲ ಹರಕೆ ಹೊತ್ತದ್ದಾಯಿತು. ಹುಣ್ಣು ಮಾತ್ರ ತನ್ನ ಪಾಡಿಗೆ ತಾನು ಬೆಳೆಯಿತು.

ಕೊನೆಗೆ ಗಂಡ ಹೆಂಡತಿ ಗಾಡಿ ಕಟ್ಟಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೋದರು. ಅಲ್ಲಿನ ಪೇಟೆಯಲ್ಲಿ ಖಾದರ್ ಸಾಬಿ ಎಂಬ ಜರ್ರಾ ಇದ್ದ. ಲಡಾಯಿಯಲ್ಲಿ ಗಾಯಗೊಂಡ ಸಿಪಾಯಿಗಳನ್ನು ಕೊಯ್ದು ಹೊಲಿಯುವ ವೈದ್ಯ. ಅವನು ಬಾಯೊಳಗೆ ಬೆರಳಾಡಿಸಿ ನೋಡಿ, ಕೈ ತೊಳೆದುಕೊಂಡು ಬಂದು ಹೇಳಿದ.

“ಕೊಯ್ಬೇಕು ಆಚಾರೀ. ಕೊಯ್ದು ಸುಡ್ಬೇಕು. ಬಾಕಿ ಖುದಾನ ಮರ್ಜಿ.”

“ಕೊಯ್ದ್ ಮ್ಯಾಲೆ ಊದಕ್ಕಾಯ್ತದಾ?” ಎಂದು ಕೇಳಿದ ಮುದ್ದಾಚಾರಿ.

ಜರ್ರಾಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬದುಕುತ್ತೀನಾ ಎಂದು ಕೇಳುವವರನ್ನು ಮಾತ್ರ ಅವನು ಕಂಡಿದ್ದ.

ಅಫೀಮು ಕುಡಿಸಿ ಚಾಪೆಯ ಮೇಲೆ ಮಲಗಿಸಿದರು. ಕಾಲು ಹಿಡಿಯಲು ಇಬ್ಬರು, ತಲೆ ಹಿಡಿಯಲು ಒಬ್ಬ. ಮೂಲೆಯ ಅಗ್ಗಿಷ್ಟಿಕೆಯಲ್ಲಿ ಸುಡುವ ಕಬ್ಬಿಣ ಇಟ್ಟಿದ್ದರು. ಇದ್ದಿಲು ಹಸಿಯಾಗಿತ್ತೋ ಏನೋ, ಬರೀ ಹೊಗೆ. ಕಬ್ಬಿಣ ಮಂಕಾಗಿ ಕೆಂಪಗಿತ್ತು. ಮುದ್ದಾಚಾರಿ ಅರೆಗಣ್ಣಿನಲ್ಲಿ ಅದನ್ನು ನೋಡುತ್ತ ನೋಡುತ್ತ ತಡೆಯಲಾರದೆ ಎದ್ದು ಕೂತ. ಇವನು ಹೆದರಿ ಓಡಿಹೋಗುತ್ತಾನೆಂದು ಹಿಡಿದಿದ್ದವರು ಅಂದುಕೊಂಡರು. ಅವನು ಸೊಂಟದಿಂದ ತನ್ನ ಊದುಗೊಳವೆ ತೆಗೆದು, ತೆವಳಿಕೊಂಡು ಅಗ್ಗಿಷ್ಟಿಕೆಯ ಮುಂದೆ ಹೋಗಿ, ಊದಿದ. ತನ್ನ ಕೆನ್ನೆ ಸುಡುವ ಕಬ್ಬಿಣವನ್ನು ತಾನೇ ಕಾಯಿಸಿದ. ಕಬ್ಬಿಣ ಮುತ್ತುಗದ ಹೂವಿನ ಬಣ್ಣಕ್ಕೆ ಬಂದ ಮೇಲೆ ಕೊಳವೆಯನ್ನು ಒರೆಸಿ ಪಕ್ಕಕ್ಕಿಟ್ಟು, ವಾಪಸು ಬಂದು ಮಲಗಿಕೊಂಡ. ಅಣ್ಣಮ್ಮ ಬಾಗಿಲಾಚೆ ನಿಂತಿದ್ದಳು. ಗಂಡನ ಎರಡು ಕೆನ್ನೆಯೂ ಸಮನಾಗಿ ಉಬ್ಬಿದ್ದನ್ನು ಅವಳು ನೋಡಿದ್ದು ಅದೇ ಕೊನೆ.

ಆಮೇಲಿನದನ್ನು ಬಣ್ಣಿಸಲು ನನಗೆ ಮನಸ್ಸಿಲ್ಲ. ಕೊಯ್ದರು, ಸುಟ್ಟರು, ರೇಷ್ಮೆದಾರ ಹಾಕಿ ಹೊಲಿದರು. ಛತ್ರದಲ್ಲಿ ಜ್ವರದಲ್ಲಿ ಬಿದ್ದಿದ್ದ ಗಂಡನಿಗೆ ಅಣ್ಣಮ್ಮ ಗಂಜಿಯಲ್ಲಿ ಅರಳೆ ಅದ್ದಿ ಬಲಗಡೆಯಿಂದ ಹಿಂಡಿದಳು. ಗಾಯ ಮಾಯಿತು. ಆದರೆ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯಲಿಲ್ಲ. ಕೆನ್ನೆಯ ನಡುವೆ, ಒಂದು ಹೊಲಿಗೆ ಬಿಟ್ಟ ಕಡೆ, ಕಡಲೆಕಾಳು ಹೋಗುವಷ್ಟು ತೂತು ಉಳಿಯಿತು. ಅದರ ಸುತ್ತ ಚರ್ಮಕ್ಕೆ ಏನೂ ತಿಳಿಯುತ್ತಿರಲಿಲ್ಲ. ಬಿಸಿ ತಿಳಿಯದು, ತಣ್ಣಗೆ ತಿಳಿಯದು, ನೊಣ ಕೂತರೂ ತಿಳಿಯದು.

“ಉಳ್ಕೊಂಡ್ಯಲ್ಲ, ಖುದಾಗೆ ಶುಕರ್ ಮಾಡು” ಅಂದ ಜರ್ರಾ.

ಮುದ್ದಾಚಾರಿ ತಲೆಯಾಡಿಸಿದ. ಅವನಿಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ಕೆನ್ನೆಯ ಜೋಮು ಒಳಕ್ಕೂ ಇಳಿದ ಹಾಗಿತ್ತು.

ವಾಪಸು ಬರುವ ದಾರಿಯಲ್ಲಿ, ಈಗ ಪಾಂಡವಪುರವಾಗಿರುವ ಹಿರೋಡೆಯಲ್ಲಿ, ಗಾಡಿ ನಿಲ್ಲಿಸಿ ಅರವಟ್ಟಿಗೆಯಲ್ಲಿ ನೀರು ಕೇಳಿದರು. ಮುಖಕ್ಕೆ ಬಟ್ಟೆ ಕಟ್ಟಿದವನನ್ನು ನೀರು ಹಾಕುವವನು ಮೇಲಿಂದ ಕೆಳಗೆ ನೋಡಿದ. ಕಳ್ಳರಿಗೂ ದ್ರೋಹಿಗಳಿಗೂ ಮೂಗು ಕಿವಿ ಕೊಯ್ದು ಕಳಿಸುತ್ತಿದ್ದ ಕಾಲ ಅದು. ಗಾಡಿಯಲ್ಲಿ ಊದುಗೊಳವೆ ಕಂಡ ಮೇಲಂತೂ ಅವನಿಗೆ ಎಲ್ಲ ಅರ್ಥವಾಗಿಹೋಯಿತು.

“ಅಕ್ಕಸಾಲೀನಾ? ಯಾರ್ ಮನೇ ಚಿನ್ನ ಒಡ್ದೆ ಕಣ್ಲಾ?”

ಮುದ್ದಾಚಾರಿ ಬೊಗಸೆ ಒಡ್ಡಿದ. ಅಣ್ಣಮ್ಮ ಸುಮ್ಮನಿರುವ ಪೈಕಿಯಲ್ಲ.

“ಕದ್ದಿದ್ಕಲ್ಲ ಕಣಣ್ಣ, ಒಗೆಸೊಪ್ಪು ಕಚ್ಚಿದ್ಕೆ. ನಿನ್ ಬಾಯ್ನಾಗೂ ಐತಲ್ಲ, ಉಗ್ದು ಆಮ್ಯಾಕೆ ನೀರು ಉಯ್ಯಿ.”

ಅವನು ತಬ್ಬಿಬ್ಬಾಗಿ ಬಾಯಿಗೆ ಕೈ ಹಾಕಿದ, ಆಮೇಲೆ ನೀರು ಹೊಯ್ದ. ಗಾಡಿ ಹೊಡೆಯುವವನು ಬಿದ್ದು ಬಿದ್ದು ನಕ್ಕ. ಗಂಡನೂ ನಗಬಹುದೇನೋ ಎಂದು ಅಣ್ಣಮ್ಮ ತಿರುಗಿ ನೋಡಿದಳು. ಅವನು ಎತ್ತಿನ ಬಾಲ ನೋಡುತ್ತ ಕೂತಿದ್ದ. ಬೊಗಸೆಯಲ್ಲಿ ಕುಡಿದ ನೀರು ಬಟ್ಟೆಯಡಿಯಿಂದ ಸೋರಿ ಎದೆಯೆಲ್ಲ ಒದ್ದೆಯಾಗಿತ್ತು, ಅದೂ ಅವನಿಗೆ ತಿಳಿದಿರಲಿಲ್ಲ.

ಊರಿಗೆ ಬಂದರು. ನೋಡಲು ಬಂದವರೆಲ್ಲ ಸತ್ತವರ ಸುದ್ದಿ ತಂದರು. ನಮ್ಮ ಚಿಕ್ಕಪ್ಪನಿಗೂ ಹೀಗೇ ಆಗಿತ್ತು, ಮಳೆಗಾಲ ಕಳೆಯಲಿಲ್ಲ. ನಮ್ಮ ಭಾವಮೈದನಿಗೂ ಹೀಗೇ, ಮತ್ತೆ ಬಂತು. ರೋಗಿಯ ಮನೆಗೆ ಬಾಳೆಹಣ್ಣಿನ ಜೊತೆ ಇಂಥ ಕಥೆ ತರುವ ಜನಕ್ಕೆ ಏನು ಹೇಳಬೇಕೋ ನನಗಂತೂ ತಿಳಿಯದು. ಮುದ್ದಾಚಾರಿ ಎಲ್ಲವನ್ನೂ ಪಕ್ಕದ ಮನೆಯ ಸಮಾಚಾರ ಕೇಳಿದ ಹಾಗೆ ಕೇಳಿಸಿಕೊಂಡ. ಬೆಳಗ್ಗೆ ಮಾತ್ರ, ಯಾರೂ ಏಳುವ ಮೊದಲು, ಬೆರಳನ್ನು ಬಾಯೊಳಗೆ ತೂರಿಸಿ ಗಾಯದ ಅಂಚನ್ನು ಸುತ್ತ ಮುಟ್ಟಿ ನೋಡುತ್ತಿದ್ದ. ಮತ್ತೆ ಗಟ್ಟಿಯಾಗಿದೆಯೇ ಎಂದು. ಕೆನ್ನೆಗೆ ಬೆರಳು ತಿಳಿಯುತ್ತಿರಲಿಲ್ಲ, ಬೆರಳಿಗೆ ಕೆನ್ನೆ ತಿಳಿಯುತ್ತಿತ್ತು. ಯಾರದ್ದೋ ಕೆನ್ನೆ ಮುಟ್ಟಿದ ಹಾಗಿರುತ್ತಿತ್ತು.

ಮಾತು ನಿಲ್ಲಿಸಿಬಿಟ್ಟ. ಮಾತನಾಡಿದರೆ ತೂತಿನಿಂದ ಗಾಳಿ ಹೋಗಿ ಅರ್ಧ ಮಾತು ಪುಸ್ ಎನ್ನುತ್ತಿತ್ತು. ಹೆಂಡತಿಯನ್ನು ಕರೆಯಬೇಕಾದರೆ ಸಣ್ಣ ಸುತ್ತಿಗೆಯಿಂದ, ಒಡವೆ ಬಡಿಯುವ ಅಡಿಗಲ್ಲಿನ ಮೇಲೆ ಟಣ್ ಟಣ್ ಎಂದು ಕುಟ್ಟುತ್ತಿದ್ದ. ಊಟಕ್ಕೆ ಗೋಡೆಯ ಕಡೆ ತಿರುಗಿ ಕೂರುತ್ತಿದ್ದ. ದೊಡ್ಡ ಮುದ್ದೆಯನ್ನು ಮುರಿದು ನುಂಗುತ್ತಿದ್ದವನಿಗೆ ಅಣ್ಣಮ್ಮ ಗೋಲಿಯಷ್ಟು ಗೋಲಿಯಷ್ಟು ಮಾಡಿ, ಸಾರಿನಲ್ಲಿ ಹೊರಳಿಸಿ ಇಡುತ್ತಿದ್ದಳು. ಅವನು ಒಂದೊಂದನ್ನೇ ಬಲಗಡೆಗೆ ತಳ್ಳಿ ನುಂಗುವನು. ಅಂಗೈಯಿಂದ ಎಡಗೆನ್ನೆ ಮುಚ್ಚಿಕೊಂಡಿರುವನು. ಬಟ್ಟೆ ಬದಲಿಸುವಾಗಲೂ ಬೆನ್ನು ತಿರುಗಿಸುವನು. ಪಟ್ಟಣದಲ್ಲಿ ಜ್ವರದಲ್ಲಿದ್ದಾಗ ಅವಳೇ ಗಾಯ ತೊಳೆದಿದ್ದಳು, ನಿಜ. ಪ್ರಜ್ಞೆ ಬಂದ ಮೇಲೆ ಅವಳಿಗೆ ಆ ಕೆನ್ನೆ ತೋರಿಸಲೇ ಇಲ್ಲ.

ಅಣ್ಣಮ್ಮ ಹಿತ್ತಲಿಗೆ ಹೋಗಿ ಪಾತ್ರೆಯನ್ನು ದಬದಬ ಕುಕ್ಕುತ್ತಿದ್ದಳು. ಬೈದಿದ್ದರೂ ಸರಿ, ಹೊಡೆದಿದ್ದರೂ ಸರಿ, ಈ ಕಲ್ಲಿನ ಜೊತೆ ಹೇಗೆ ಬಾಳುವುದು ಎಂದು ಪಕ್ಕದ ಮನೆಯ ಪಾರ್ವತಮ್ಮನ ಮುಂದೆ ಅತ್ತಿದ್ದಳು. ಇದ್ದೊಬ್ಬ ಮಗಳನ್ನು ನಾಗಮಂಗಲಕ್ಕೆ ಕೊಟ್ಟಾಗಿತ್ತು. ಮನೆಯಲ್ಲಿ ಇವರಿಬ್ಬರೇ, ನಡುವೆ ಆರಿದ ಕುಲುಮೆ.

ಸುಗ್ಗಿ ಮುಗಿದ ಮೇಲೆ ಗೌಡರ ಮನೆಯ ಕೆಂಪಣ್ಣ ಬಂದ. ಅಜ್ಜನ ಕಾಲದಿಂದ ಆ ಮನೆಯ ತಾಳಿಯೆಲ್ಲ ಮುದ್ದಾಚಾರಿಯ ಮನೆಯಲ್ಲೇ ಆಗಿದ್ದು. ಕೆಂಪಣ್ಣನ ಮಗಳು ಬೆಟ್ಟಮ್ಮನಿಗೆ ಮದುವೆ ಗೊತ್ತಾಗಿತ್ತು.

“ಏನ್ಲಾ ಮುದ್ದಾ, ಎಂಗಿದ್ದೀಯೆ?” ಎಂದು ಜಗಲಿಯ ಮೇಲೆ ಕೂತ. ಕೆಂಪಣ್ಣನ ಬಾಯಿ ಒರಟು, ಮನಸ್ಸು ಅಲ್ಲ. “ನೋಡ್ಲಾ, ಸುತ್ತಿ ಬಳಸಿ ಮಾತಾಡಕ್ಕೆ ನಂಗೆ ಬರಾಕಿಲ್ಲ. ಮಗೀ ತಾಳಿ ನಿನ್ ಕೈಲೇ ಆಗ್ಬೇಕು ಅಂತ ನಮ್ಮವ್ವ ಅಟ ಇಡ್ದವ್ಳೆ. ಆಯ್ತದೆ ಅಂದ್ರೆ ಆಯ್ತದೆ ಅನ್ನು. ಆಗಾಕಿಲ್ಲ ಅಂದ್ರೆ ಅಂಗೇ ಏಳ್ಬುಡು, ಅತ್ತಿಕುಪ್ಪೆಯಿಂದ ಅಕ್ಕಸಾಲೀನ ಕರ್ಸ್ತೀನಿ. ಬೇಜಾರಿಲ್ಲ.”

ಬೇಜಾರಿಲ್ಲ ಎಂದರೂ ಎಲ್ಲರಿಗೂ ಗೊತ್ತಿತ್ತು. ಗೌಡರ ಮನೆಯ ತಾಳಿ ಅತ್ತಿಕುಪ್ಪೆಗೆ ಹೋದರೆ ಊರಿನ ತಾಳಿಯೆಲ್ಲ ಅದರ ಹಿಂದೆ ಹೋಗುತ್ತದೆ. ಆಮೇಲೆ ಮುದ್ದಾಚಾರಿ ಈ ಊರಿನ ಅಕ್ಕಸಾಲಿ ಅಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಜಗಲಿಯ ಮೇಲೆ ಕೂರುವ ಒಬ್ಬ ಮನುಷ್ಯ, ಅಷ್ಟೇ.

ಮುದ್ದಾಚಾರಿ ಅಡಿಗಲ್ಲಿನ ಮೇಲಿನ ಧೂಳು ಒರೆಸಿದ. ಆಮೇಲೆ ಆಗುತ್ತದೆ ಎಂದು ತಲೆಯಾಡಿಸಿದ. ಬಾಗಿಲ ಹಿಂದಿದ್ದ ಅಣ್ಣಮ್ಮ ಅದನ್ನು ನೋಡಿದಳು. ಊದಲು ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳು ನೀರಿಗೆ ಹೋದಾಗಲೆಲ್ಲ ಅವನು ಕದ್ದು ಊದಿ ನೋಡುತ್ತಿದ್ದ. ಬಂದು ನೋಡಿದರೆ ಕೊಳವೆ ಬಿಸಿಯಾಗಿರುತ್ತಿತ್ತು, ದೀಪದ ಸುತ್ತ ಉಗುಳಿನ ಹನಿ ಬಿದ್ದಿರುತ್ತಿತ್ತು.

ಒದ್ದೆ ಬಟ್ಟೆ ಬಿಗಿದು ನೋಡಿದ, ಗಾಳಿ ಸೋರಿತು. ಮೇಣ ಮೆತ್ತಿದ, ಜ್ವಾಲೆಯ ಕಾವಿಗೆ ಇಳಿದುಹೋಯಿತು. ಕೊನೆಗೆ ಅವನಿಗೆ ಹೊಳೆದದ್ದು ಅಕ್ಕಸಾಲಿಗೆ ಮಾತ್ರ ಹೊಳೆಯಬಹುದಾದ ಮೂರ್ಖತನ. ಟೊಳ್ಳು ಒಡವೆ ನೆಗ್ಗಬಾರದೆಂದು ಒಳಗೆ ಅರಗು ತುಂಬುತ್ತಾರಲ್ಲ, ಹಾಗೆ ತನ್ನ ಕೆನ್ನೆಗೂ ಅರಗು ತುಂಬುವುದು. ಅರಗಿಗೆ ಇಟ್ಟಿಗೆಪುಡಿ ಬೆರೆಸಿ, ಕಡ್ಡಿಯಲ್ಲಿ ಕಾಯಿಸಿ, ಕಂಚಿನ ಕನ್ನಡಿ ಹಿಡಿದುಕೊಂಡು ತೂತಿಗೆ ಮೆತ್ತಿದ. ಒಡವೆಗೆ ಮೆತ್ತುವಷ್ಟೇ ಬಿಸಿಯಾಗಿ. ಸರಿಯಾಗಿ ಕೂತಿತೆಂದು ಮೇಲಿಂದ ಹೆಬ್ಬೆರಳಿನಿಂದ ಒತ್ತಿದ. ಹೆಬ್ಬೆರಳು ಸುಟ್ಟಿತು. ಕೆನ್ನೆಗೆ ಏನೂ ಆಗಲಿಲ್ಲ ಎಂದುಕೊಂಡ.

ವಾಸನೆ ಹಿತ್ತಲಿಗೆ ಬಂತು. ಅಣ್ಣಮ್ಮ ಬೆರಣಿ ಕೈಬಿಟ್ಟು ಓಡಿಬಂದಳು. ಗಂಡ ದೀಪದ ಮುಂದೆ ಕೊಳವೆ ಸರಿಮಾಡಿಕೊಳ್ಳುತ್ತ ಕೂತಿದ್ದಾನೆ, ಅರಗಿನ ಸುತ್ತ ಚರ್ಮ ಬೊಬ್ಬೆಯೆದ್ದು ಹೊಗೆ ಬರುತ್ತಿದೆ.

“ಅಯ್ಯೋ, ಸುಡ್ತಾ ಐತಲ್ರೀ! ಸುಡ್ತಾ ಐತೆ! ತಿಳ್ಯಾಕಿಲ್ವಾ ನಿಮ್ಗೆ?”

ಅವನು ಅವಳನ್ನು ನೋಡಿದ. ತಿಳಿಯುವುದಿಲ್ಲ ಎಂಬುದು ಆ ನೋಟದಲ್ಲೇ ಇತ್ತು. ಅಣ್ಣಮ್ಮನಿಗೆ ಇಷ್ಟು ದಿನದ್ದೆಲ್ಲ ಒಟ್ಟಿಗೆ ಉಕ್ಕಿತು.

“ಏನು ಒಡ್ವೆ ಅನ್ಕೊಂಡ್ರಾ ನಿಮ್ ಮಕ? ಅರಗು ಮೆತ್ತಿ, ಮೆರುಗು ಕೊಟ್ಟು, ಸಂತೆಗೆ ತಕ್ಕೊಂಡೋಗ್ತೀರಾ? ಆ ಜರ್ರಾ ಕುಯ್ಯೋವಾಗ ನಾನು ಬಾಗ್ಲಲ್ಲಿ ನಿಂತು ಒಂದ್ ಜೀವ ಉಳ್ಸು ಅಂತ ಬೇಡ್ಕೊಂಡೆ. ಕೆನ್ನೆ ಉಳ್ಸು ಅಂತ ಬೇಡ್ಕೊಂಡಿಲ್ಲ. ನಂಗೆ ತೋರ್ಸಕ್ಕೆ ನಾಚ್ಕೆ, ಸುಟ್ಕೊಳಕ್ಕೆ ನಾಚ್ಕೆ ಇಲ್ಲ!”

ಬೈಯುತ್ತಲೇ ಕೊಬ್ಬರಿ ಎಣ್ಣೆ ತಂದು ಅವನ ಗಲ್ಲ ಹಿಡಿದು ತಿರುಗಿಸಿದಳು. ಅವನು ಬಿಡಿಸಿಕೊಳ್ಳಲು ನೋಡಿದ. ಅವಳು ಬಿಡಲಿಲ್ಲ. ಎಣ್ಣೆ ಹಾಕಿ, ಉಗುರಿನಿಂದ ಅರಗನ್ನು ಚೂರು ಚೂರೇ ಬಿಡಿಸಿದಳು. ಅಳುತ್ತಿದ್ದವಳು ಅವಳು. ಅವನು ಮಗ್ಗುಲಾದ ದನದ ಹಾಗೆ ಸುಮ್ಮನೆ ಇದ್ದ. ಅರಗೆಲ್ಲ ಹೋದ ಮೇಲೆ ಅವಳ ಹೆಬ್ಬೆರಳ ಬುಡ ತೂತಿನ ಮೇಲೆ ಬಂತು. ಅವನು ಉಸಿರು ಬಿಟ್ಟ. ಗಾಳಿ ಅವಳ ಕೈಗೆ ಬಡಿದು, ಹೊರಬರಲಾಗದೆ, ತುಟಿಯಿಂದ ಹೋಯಿತು. ಇಬ್ಬರಿಗೂ ಅದು ತಿಳಿಯಿತು. ಅವನು ಬಟ್ಟೆ ಎತ್ತಿಕೊಂಡು ಮತ್ತೆ ಮುಖಕ್ಕೆ ಕಟ್ಟಿಕೊಂಡ.

ತಿಳಿದರೂ ಏನು ಮಾಡುವುದು? ಆ ಮನೆಯಲ್ಲಿ ಹೆಂಗಸರು ಕುಲುಮೆಗೆ ಇದ್ದಿಲು ತಂದಿಡಬಹುದು, ಸಗಣಿ ಸಾರಿಸಬಹುದು. ತಾಳಿಯ ಚಿನ್ನ ಊದುವಾಗ ಪಕ್ಕದಲ್ಲಿ ಕೂರುವ ಹಾಗಿಲ್ಲ. ಅದು ಹಾಳಾಗಲಿ, ಹತ್ತು ಜನರ ಮುಂದೆ ಹೆಂಡತಿ ಗಂಡನ ಮುಖ ಹಿಡಿದುಕೊಂಡು ಕೂರುವುದುಂಟೇ? ಆಗಿನ ಕಾಲ ಇರಲಿ, ಈಗ ನೀವು ಹೊಸಹೊಳಲಿನ ಬೀದಿಯಲ್ಲಿ ಮಾಡಿ ನೋಡಿ, ಏನಾಗುತ್ತದೆಂದು.

ಬೊಬ್ಬೆ ಒಣಗಿತು. ಒಳ್ಳೆಯ ದಿನ ನೋಡಿ ಗೌಡರ ಮನೆಯವರು ಚಿನ್ನ ತಂದರು. ಕೆಂಪಣ್ಣ, ಅವನ ತಾಯಿ ಮಾಯಮ್ಮ, ಅರಿಸಿನ ಹಚ್ಚಿಕೊಂಡ ಬೆಟ್ಟಮ್ಮ, ಇನ್ನೂ ಕೆಲವು ನೆಂಟರು. ಕುಲುಮೆಗೆ ಕುಂಕುಮ ಇಟ್ಟರು, ಎಳೆ ಸೂರ್ಯನ ಬೆಳಕು ಬಾಗಿಲಿನಿಂದ ಅಡಿಗಲ್ಲಿನವರೆಗೆ ಬಿದ್ದಿತ್ತು. ಮುದ್ದಾಚಾರಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ, ತುಟಿ ಬಿಟ್ಟು, ಕೆನ್ನೆಗೆ ಬಿಗಿಯಾಗಿ ಕಟ್ಟಿಕೊಂಡಿದ್ದ. ಇದ್ದಿಲ ಕುಳಿಯಲ್ಲಿ ಚಿನ್ನ ಇಟ್ಟು, ಬೇಗ ಕರಗಲೆಂದು ಬಿಳಿಗಾರ ಉದುರಿಸಿ, ಚಿಮುಟ ಹಿಡಿದು, ಕೊಳವೆಯನ್ನು ತುಟಿಯ ಬಲಗಡೆಗೆ ಇಟ್ಟುಕೊಂಡ.

ಊದಿದ. ಜ್ವಾಲೆ ಬಗ್ಗಿತು. ಚಿನ್ನ ಕೆಂಪಾಗತೊಡಗಿತು. ಬಲಗೆನ್ನೆ ಒಂದೇ ಎರಡರ ಕೆಲಸ ಮಾಡುತ್ತಿತ್ತು. ಕುತ್ತಿಗೆಯ ನರ ಹುರಿಹಗ್ಗದ ಹಾಗೆ ಎದ್ದವು. ಸ್ವಲ್ಪ ಹೊತ್ತಿಗೆ ಬಟ್ಟೆ ಉಗುಳಿಗೆ ನೆನೆದು ಎಡಗಡೆ ಪಟಪಟ ಅನ್ನತೊಡಗಿತು. ಜ್ವಾಲೆ ತೂಗಾಡಿತು. ಕೆಂಪಣ್ಣ ನೆಲ ನೋಡಿದ. ನೆಂಟರಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡರು. ಚಿನ್ನ ಇನ್ನೂ ಕರಗಿರಲಿಲ್ಲ, ಅಂಚು ಮಾತ್ರ ಬೆವರಿತ್ತು. ಮುದ್ದಾಚಾರಿಯ ಕಣ್ಣಿನಲ್ಲಿ ಏನೂ ಇರಲಿಲ್ಲ. ಮುಗಿಯಿತೆಂದು ತಿಳಿದವನ ಕಣ್ಣು ಹಾಗಿರುತ್ತದೆ.

ಅಣ್ಣಮ್ಮ ಬಾಗಿಲ ಹತ್ತಿರ ಆರತಿ ತಟ್ಟೆ ಹಿಡಿದು ನಿಂತಿದ್ದಳು. ತಟ್ಟೆಯನ್ನು ಪಾರ್ವತಮ್ಮನ ಕೈಗೆ ತುರುಕಿ, ಜನರ ನಡುವೆ ದಾಟಿಕೊಂಡು ಬಂದು, ಗಂಡನ ಎಡಕ್ಕೆ ಕೂತಳು. ಒದ್ದೆ ಬಟ್ಟೆಯನ್ನು ಗಲ್ಲದ ಕೆಳಗೆ ಎಳೆದಳು. ಆ ಕೆನ್ನೆ ಎಲ್ಲರಿಗೂ ಕಾಣಿಸಿತು. ಬೆಟ್ಟಮ್ಮ ಮುಖ ತಿರುಗಿಸಿದಳು. ಅಣ್ಣಮ್ಮ ಅಂಗೈಯನ್ನು ಅದರ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದಳು.

ಯಾರೋ “ಏ, ಏನಿದು” ಅಂದರು.

“ಬಾಯ್ ಮುಚ್ರಲೇ” ಅಂದಳು ಮಾಯಮ್ಮ.

ಮುದ್ದಾಚಾರಿ ಊದುತ್ತಲೇ ಇದ್ದ, ತಿರುಗಿ ನೋಡುವ ಹಾಗಿಲ್ಲ. ಕೆನ್ನೆಗೆ ಏನೂ ತಿಳಿಯಲಿಲ್ಲ. ಕೈಯ ಬಿಸುಪಿಲ್ಲ, ಒತ್ತಿದ್ದೂ ಇಲ್ಲ. ಅವಳು ಪಕ್ಕದಲ್ಲಿದ್ದಾಳೆಂದು ಅವನಿಗೆ ತಿಳಿದದ್ದು ಜ್ವಾಲೆಯಿಂದ. ತೂಗಾಡುತ್ತಿದ್ದ ಜ್ವಾಲೆ ನೆಟ್ಟಗೆ ನಿಂತಿತು. ಅವನು ಮೂಗಿನಿಂದ ಉಸಿರೆಳೆದುಕೊಂಡ, ಕೆನ್ನೆಯಿಂದ ಒತ್ತಿದ. ಅವಳ ಅಂಗೈಯೇ ಅವನ ಎಡಗೆನ್ನೆಯಾಗಿತ್ತು. ಚಿನ್ನದ ಅಂಚು ಕುಸಿಯಿತು, ನಡು ಕುಸಿಯಿತು, ಎಲ್ಲ ಸೇರಿ ಒಂದು ಗುಂಡನೆಯ ಹನಿಯಾಗಿ ಹೊಳೆಯುತ್ತ ನಿಂತಿತು.

ಕೊಳವೆ ಕೆಳಗಿಟ್ಟ.

ಎಲ್ಲರೂ ಮಾಯಮ್ಮನ ಮುಖ ನೋಡಿದರು. ಅವಳು ಬಗ್ಗಿ ಚಿನ್ನ ನೋಡಿದಳು. “ಉಸ್ರು ಕಡೀನಿಲ್ವಲ್ಲ. ಇನ್ನೇನು? ಏಳಮ್ಮಿ ಅಣ್ಣಮ್ಮ, ಆರ್ತಿ ಬೆಳ್ಗು.”

ತಾಳಿ ಆಯಿತು, ಬೆಟ್ಟಮ್ಮನ ಮದುವೆಯೂ ಆಯಿತು. ಊರಿನಲ್ಲಿ ಕೆಲವು ದಿನ ಅದೇ ಮಾತು. ಕೆಲವರು ನಕ್ಕರು, ಕೆಲವರು ಅತ್ತಿಕುಪ್ಪೆಯ ಅಕ್ಕಸಾಲಿಯನ್ನೇ ಹಿಡಿದರು, ಉಳಿದವರು ತಾಳಿಗೆಂದು ಮುದ್ದಾಚಾರಿಯ ಮನೆಗೇ ಬಂದರು. ಹಾಗೆ ಬಂದವರು ಕುಲುಮೆಯ ಎಡಕ್ಕೆ ಒಂದು ಮಣೆ ಹಾಕಿರುವುದನ್ನು ನೋಡುತ್ತಿದ್ದರು.

ಆದರೆ ನಾನು ಹೇಳಬೇಕಾದದ್ದು ಮಣೆಯ ವಿಷಯವಲ್ಲ. ಆ ದಿನ ಗೌಡರ ಮನೆಯವರು ಹೋದ ಮೇಲೆ ಅಣ್ಣಮ್ಮ ಕುಲುಮೆಯ ಬೂದಿ ಬಳಿಯುತ್ತಿದ್ದಳು. ಜ್ವಾಲೆಯ ಕಾವಿಗೆ ಅವಳ ಕೈಯ ಹಿಂಭಾಗ ಕೆಂಪಗಾಗಿತ್ತು. ಮುದ್ದಾಚಾರಿ ಅದನ್ನು ನೋಡಿದ. ಸುತ್ತಿಗೆ ಎತ್ತಿಕೊಂಡು ಅಡಿಗಲ್ಲಿನ ಮೇಲೆ ಕುಟ್ಟಲು ಹೋದವನು, ಸುತ್ತಿಗೆ ಇಟ್ಟುಬಿಟ್ಟ.

“ಇಲ್ಬಾ” ಅಂದ. ಮಾತು ಪುಸ್ ಎಂದಿತು.

ಅವಳು ಬೂದಿ ಕೈಯಲ್ಲೇ ಬಂದು ಮುಂದೆ ಕೂತು, ಬೆಳಗ್ಗೆಯ ಹಾಗೆಯೇ ಎಡಗೆನ್ನೆಗೆ ಕೈ ಚಾಚಿದಳು. ಅವನು ಆ ಕೈ ಹಿಡಿದುಕೊಂಡ.

“ಅಲ್ಲಿ ನಂಗೆ ತಿಳ್ಯಾಕಿಲ್ಲ ಕಣೆ,” ಅಂದ. ಕೈಯನ್ನು ಬಲಗೆನ್ನೆಗೆ ತಂದು ಇಟ್ಟುಕೊಂಡ. “ಇಲ್ಲಿ ಮಡಗು.”

ಅಣ್ಣಮ್ಮ ಕೈ ತೆಗೆಯಲಿಲ್ಲ.